ಕಲ್ಲು ಹಾಕದ ಸಮಾಧಿ

ಸಂಶಿ,
ಶುಕ್ರವಾರ, 11 ಫೆಬ್ರುವರಿ 1977

ಪ್ರೀತಿಯ ತಮ್ಮ ಈರಪ್ಪನಿಗೆ,

ಅವ್ವನನ್ನು ಮುಂಬಯಿಗೆ ಕಳಿಸು, ಪಿತ್ತಕೋಶದ ಕಲ್ಲು ತೆಗೆಯುವ ಆಪರೇಶನ್ನು ನಮ್ಮ ಆಸ್ಪತ್ರೆಯಲ್ಲೇ ಆಗಲಿ ಎಂದು ನೀನು ಬರೆದ ಪತ್ರ ಸೋಮವಾರ ಬಂತು. ಇಂದು ಶಾಲೆಯಿಂದ ಬೇಗ ಬಂದು ಪಡಸಾಲೆಯಲ್ಲಿ ಕುಳಿತು ಉತ್ತರ ಬರೆಯುತ್ತಿದ್ದೇನೆ. ಅವ್ವ ಹಿತ್ತಲಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಾಳೆ. ನಡುನಡುವೆ ಅವಳು ಕೆಮ್ಮುವುದು ಇಲ್ಲಿಗೆ ಕೇಳಿಸುತ್ತದೆ.

ಮೊದಲು ನಿನ್ನ ಆರೋಗ್ಯದ ಮಾತು. ಖಾನಾವಳಿಯ ಊಟದ ಎದೆಯುರಿ ಇನ್ನೂ ಇದೆಯೇ? ದೀಪಾವಳಿಗೆ ಬಂದಾಗ ನಿನ್ನ ಬೆರಳ ತುದಿಗಳು ಬಿಳಿಚಿ ಒಡೆದಿದ್ದವು. ದಿನವೂ ಐಸಿನ ನೀರಿನಲ್ಲಿ ಕೈ ಇಡುವ ಕೆಲಸ ಎಂದಿದ್ದೆ. ಅವ್ವ ಬೆಣ್ಣೆ ಸವರಿ ಹಳೆಯ ಸೀರೆಯ ಪಟ್ಟಿ ಸುತ್ತಿದರೆ ನೀನು ಬೆಳಗಾಗುವುದರೊಳಗೆ ಬಿಚ್ಚಿ ಎಸೆದಿದ್ದೆ. ಚಿಕ್ಕವನಿದ್ದಾಗಲೂ ಹಾಗೆಯೇ, ಮೈಮೇಲೆ ಕಟ್ಟಿದ್ದೇನೂ ನಿನಗೆ ನಿಲ್ಲುತ್ತಿರಲಿಲ್ಲ. ಈಗ ಛಳಿ ಇಳಿದಿದೆ, ಒಡಕುಗಳು ಕೂಡಿರಬೇಕು. ಕೊಬ್ಬರಿ ಎಣ್ಣೆಯನ್ನಾದರೂ ಹಚ್ಚಿಕೋ. ನಾನು ಆರಾಮ ಇದ್ದೇನೆ. ಓದುವಾಗ ಕಣ್ಣು ನೀರಾಡುತ್ತವೆ, ಕನ್ನಡಕದ ನಂಬರು ಬದಲಾಗಿರಬಹುದು. ಪರೀಕ್ಷೆ ಮುಗಿದ ಮೇಲೆ ನೋಡಿದರಾಯಿತು.

ಊರಿನ ಸುದ್ದಿ ಹೆಚ್ಚೇನಿಲ್ಲ. ಹತ್ತಿ ಹುಬ್ಬಳ್ಳಿಗೆ ಹೋಯಿತು. ಮೆಣಸಿನಕಾಯಿಗೆ ಈ ಸಲ ಬಣ್ಣ ಚೆನ್ನಾಗಿ ಬಂದಿದೆ; ಅಪ್ಪ ಇದ್ದಿದ್ದರೆ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇನ್ನೆರಡು ಬಿಸಿಲು ಬೇಕು ಎನ್ನುತ್ತಿದ್ದ. ಕುಟುಂಬ ಯೋಜನೆಯ ಆಪರೇಶನ್ನಿಗೆ ಹಿಡಿದೊಯ್ಯುವ ಆಸ್ಪತ್ರೆಯ ಜೀಪು ಬಂದರೆ ಗಂಡಸರು ಹೊಲದ ಹಾದಿ ಹಿಡಿಯುವುದು ಈ ತಿಂಗಳು ಸ್ವಲ್ಪ ಕಡಿಮೆಯಾಗಿದೆ. ಈಗ ಎಲ್ಲರ ಬಾಯಲ್ಲೂ ಚುನಾವಣೆ. ಅಪ್ಪನ ಸಮಾಧಿಗೆ ಕಟ್ಟೆ ಕಟ್ಟಿಸಲೆಂದು ಮುದಕಪ್ಪ ಕಾಕಾ ತರಿಸಿದ ಕಲ್ಲುಗಳು ಮಾತ್ರ ಅಂಗಳದಲ್ಲಿ ಹಾಗೆಯೇ ಬಿದ್ದಿವೆ. ಕಲ್ಲು ಕೂಡಿಸುವ ಗೌಂಡಿ ಬಂದಾಗಲೆಲ್ಲ ಅವ್ವ ಏನಾದರೊಂದು ಹೇಳಿ ತಿರುಗಿ ಕಳಿಸುತ್ತಾಳೆ. ಒಮ್ಮೆ ಅಮಾವಾಸ್ಯೆ ಎಂದಳು, ಇನ್ನೊಮ್ಮೆ ಸುಗ್ಗಿ ಎಂದಳು. ಮೊನ್ನೆ ಕಾಕಾ ನನ್ನ ಮೇಲೆ ಹರಿಹಾಯ್ದ: “ನಿಮ್ಮವ್ವ ಪಂಚಾಂಗ ಯಾವಾಗ ಕಲತಳು ಶಾರದಾ? ನಮ್ಮಣ್ಣನ ಕಲ್ಲಿನ ಮ್ಯಾಲೆ ಆ ಬಾಜೂಮನಿ ಹನಮವ್ವನ ಕೋಳಿ ತತ್ತಿ ಇಡಾಕ್ಹತ್ಯಾವು!” ದುಃಖದಲ್ಲಿರುವ ಹೆಂಗಸು, ಇರಲಿ ಬಿಡು ಕಾಕಾ ಎಂದೆ. ನನಗೂ ಅದು ದುಃಖ ಎಂದೇ ಅನ್ನಿಸಿತ್ತು.

ಅವ್ವನ ನೋವು ಹೆಚ್ಚಾಗಿದೆ. ಅದನ್ನು ಮುಚ್ಚಿಡುವುದಿಲ್ಲ. ಉಂಡು ಎದ್ದ ಮೇಲೆ ಬಲಗಡೆಯ ಪಕ್ಕೆಲುಬಿನ ಕೆಳಗೆ ಮುಷ್ಟಿ ಒತ್ತಿ ಹಿಡಿದು ಗೋಡೆಗೆ ಆತು ಕುಳಿತುಬಿಡುತ್ತಾಳೆ. ಮುಖ ಬೂದಿಯಾಗುತ್ತದೆ. ಕೇಳಿದರೆ, “ಏನಿಲ್ಲಬೇ, ಬದನೀಕಾಯಿ ಹೆಚ್ಚಾತು” ಎನ್ನುತ್ತಾಳೆ. ಬದನೆಕಾಯಿ ಬಿಟ್ಟ ದಿನವೂ ಅದೇ ಉತ್ತರ. ಹುಬ್ಬಳ್ಳಿಯ ಡಾಕ್ಟರು ಫೋಟೋ ತೆಗೆಸಿ ನೋಡಿದರು. ಕಲ್ಲು ಇರುವುದು ನಿಜ, ಬೇಗ ತೆಗೆಸದಿದ್ದರೆ ಕಾಮಾಲೆಗೆ ತಿರುಗಬಹುದು, ಆಮೇಲೆ ನಮ್ಮ ಕೈಯಲ್ಲಿ ಇರುವುದಿಲ್ಲ ಎಂದರು. ನೀನು ಬರೆದದ್ದೂ ಅದೇ. ಹಾಗಾದರೆ ಕಳಿಸಲು ತಡವೇಕೆ ಎಂದು ನೀನು ಕೇಳಿದರೆ ಅದು ನ್ಯಾಯವೇ.

ಏಕೆಂದರೆ, ತಮ್ಮಾ, ಅಪ್ಪನನ್ನು ಕಳಿಸಿದ್ದೆವು.

ಇದನ್ನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಸಿಟ್ಟಿನಲ್ಲಿ ಬರೆದದ್ದನ್ನು ಒಲೆಗೆ ಹಾಕಿದ್ದೇನೆ. ನಾನು ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ. ಎಲ್ಲಿ ತಪ್ಪಿದ್ದೇನೆ ಎಂದು ನೀನೇ ಹೇಳು. ನಾನು ತಪ್ಪಿದ್ದರೆ ನನ್ನಷ್ಟು ಸಂತೋಷ ಇನ್ಯಾರಿಗೂ ಆಗುವುದಿಲ್ಲ.

ದೀಪಾವಳಿಯ ಪಾಡ್ಯದ ದಿನ ನಾವೆಲ್ಲ ಇದೇ ಪಡಸಾಲೆಯಲ್ಲಿ ಕುಳಿತಿದ್ದೆವು. ಅಪ್ಪ ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಿದ್ದ. ನಿನ್ನ ಕೆಲಸವೇನು ಎಂದು ಅವನು ಕೇಳಿದ, ನೀನು ಬಹಳ ಹುರುಪಿನಿಂದ ಹೇಳಿದೆ. ಪರದೇಶಗಳಲ್ಲಿ ಸತ್ತವನ ಯಕೃತ್ತನ್ನು ತೆಗೆದು, ಅದು ಕೆಟ್ಟುಹೋಗಿ ಸಾಯುತ್ತಿರುವ ರೋಗಿಗೆ ಕೂಡಿಸುತ್ತಿದ್ದಾರೆ. ಕೆಲವರು ಬದುಕಿಯೂ ಇದ್ದಾರೆ. ಆದರೆ ತೆಗೆದದ್ದನ್ನು ಕೂಡಿಸುವತನಕ ಕೆಡದಂತೆ ಇಡುವುದು ಹೇಗೆ, ಇಟ್ಟದ್ದು ಇನ್ನೂ ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ, ಇದನ್ನೇ ನಾವು ಕುರಿಯ ಯಕೃತ್ತಿನ ಮೇಲೆ ನೋಡುತ್ತಿದ್ದೇವೆ ಎಂದೆ. ಕುರಿ ಎಂದದ್ದೇ ತಡ, ಅಪ್ಪ, “ಏನ್ಲೇ, ಲಿಂಗಾ ಕಟ್ಟಿಕೊಂಡಾಂವ ಕುರಿ ಕಡೀತಿ?” ಎಂದ. ನೀನು, “ಕಡಿಯಾಂವ ಬ್ಯಾರೆ ಅದಾನಪ್ಪಾ, ನಾ ಬರೇ ತೊಳಿಯಾಂವ” ಎಂದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ತೊಳೆಯುವುದನ್ನು ನೀನು ವಿವರಿಸಿದ್ದು ನನಗೆ ಅಕ್ಷರಶಃ ನೆನಪಿದೆ. ರಕ್ತನಾಳಕ್ಕೆ ನಳಿಗೆ ಹಾಕಿ ಐಸಿನಷ್ಟು ತಣ್ಣನೆಯ ಉಪ್ಪುನೀರು ಹರಿಸುತ್ತೀರಿ, ಹೊರಗೆ ಬರುವ ನೀರು ತಿಳಿಯಾಗುವವರೆಗೆ. ಕಗ್ಗೆಂಪಾಗಿದ್ದದ್ದು ಕಂದಾಗುತ್ತದೆ. ಎಲ್ಲ ಕಡೆ ಒಂದೇ ಸಮನಾಗಿ ಬಣ್ಣ ಇಳಿದರೆ ಒಳ್ಳೆಯದು, ಅಲ್ಲಲ್ಲಿ ಮಚ್ಚೆ ಉಳಿದರೆ ಆ ಭಾಗಕ್ಕೆ ನೀರು ಮುಟ್ಟಿಲ್ಲ. ಆಮೇಲೆ ಐಸಿನ ಪೆಟ್ಟಿಗೆ. ಅಪ್ಪ ಕೈಯಲ್ಲಿದ್ದ ಶೇಂಗಾ ಬಿಟ್ಟು ಕೇಳುತ್ತಿದ್ದ. “ಅಲ್ಲಲೇ, ಹೊರಗ ತಗದಿಟ್ಟದ್ದು ಬದುಕೈತೋ ಸತ್ತೈತೋ ಹೆಂಗ ಗೊತ್ತಾಗ್ತದ? ಬರೇ ನೋಡಿದ್ರ ತಿಳೀತೈತೇನು?” ಎಂದ. “ಕೈ ಹಚ್ಚಿ ನೋಡಬೇಕಪ್ಪಾ, ಮೆತ್ತಗೈತೋ ಬಿರಸೈತೋ ಅಂತ. ಖರೆ ಪರೀಕ್ಷಾ ಅಂದ್ರ ಪಿತ್ತ. ಬೆಚ್ಚಗ ರಕ್ತಾ ಹರಿಸಿದಾಗ ಹನಿ ಹನಿ ಪಿತ್ತ ಬಂದ್ರ ಅದು ಬದುಕೈತಿ” ಎಂದೆ ನೀನು. ಅಪ್ಪನಿಗೆ ಅದು ಅಗದಿ ಮನಸ್ಸಿಗೆ ಬಂತು. “ಹಂಗಾರ ನಮ್ಮ ಮೆಣಸಿನಕಾಯಿ ನೋಡೂ ಹಂಗs ಬಿಡು” ಎಂದ. ಅದರ ಮೇಲೆಯೇ ನೀನು ನಿಮ್ಮ ತೊಂದರೆಯನ್ನೂ ಹೇಳಿದೆ. ಕುರಿಯದು ಬೇಕಾದಷ್ಟು ಸಿಗುತ್ತದೆ, ಮನುಷ್ಯರದು ಸಿಗುವುದಿಲ್ಲ. ಸಿಕ್ಕರೂ ತಡವಾಗಿ ಸಿಗುತ್ತದೆ. ಉಸಿರು ನಿಂತ ಅರ್ಧ ತಾಸಿನೊಳಗೆ ತಣ್ಣೀರು ಹರಿಯಬೇಕು, ಆದರೆ ಯಾವ ಮನೆಯವರು ಅಳುವುದನ್ನು ಬಿಟ್ಟು ಅರ್ಧ ತಾಸಿನಲ್ಲಿ ಹೂಂ ಎನ್ನುತ್ತಾರೆ? ಸಿಕ್ಕ ಒಂದೊಂದರದೂ ಒಂದು ಚೂರನ್ನು ಔಷಧದ ನೀರು ಹಾಕಿ ಬಾಟಲಿಯಲ್ಲಿ ಇಡುತ್ತೇವೆ, ವರ್ಷಗಟ್ಟಲೆ ಇರುತ್ತದೆ, ಏನನ್ನೂ ಚೆಲ್ಲುವುದಿಲ್ಲ ಎಂದೆ.

ಆಗ ಅಪ್ಪ ಒಂದು ಮಾತು ಆಡಿದ. ಅದನ್ನೂ ಬಿಡದೆ ಬರೆಯುತ್ತೇನೆ, ಏಕೆಂದರೆ ನೀನು ಅದನ್ನೇ ಹಿಡಿದು ನಿಲ್ಲಬಹುದು. ಬಾಯಲ್ಲಿ ಶೇಂಗಾ ಇಟ್ಟುಕೊಂಡೇ, “ನಂದು ನೋಡ್ಲೇ ಹಂಗಾರ, ಕುಂದಗೋಳ ಸಂತಿಯೊಳಗ ಒಂದs ನಂಬರ ಮಾಲು” ಎಂದ. ಎಲ್ಲರೂ ನಕ್ಕೆವು. ನೀನೂ ನಕ್ಕೆ. ಆದರೆ ನೀನು ನಗು ನಿಂತ ಮೇಲೂ ಅವನನ್ನೇ ನೋಡುತ್ತಿದ್ದೆ.

ಹಬ್ಬ ಮುಗಿದ ಮೇಲೆ ಕಣ್ಣಿನ ಪೊರೆ ತೆಗೆಸಲೆಂದು ಅಪ್ಪ ನಿನ್ನ ಜೊತೆ ಮುಂಬಯಿಗೆ ಬಂದ. ಹೊಸ ಧೋತರ ಉಟ್ಟುಕೊಂಡು, ಬುತ್ತಿಯ ಗಂಟು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದ. ಅದೇ ನಾನು ಅವನನ್ನು ಜೀವಂತವಾಗಿ ಕೊನೆಗೆ ನೋಡಿದ್ದು. ಪೊರೆ ತೆಗೆಯುವ ಮೊದಲೇ ತಲೆಯಲ್ಲಿ ರಕ್ತನಾಳ ಒಡೆದು ತೀರಿಕೊಂಡ ಎಂದು ನೀನು ತಿಳಿಸಿದೆ. ತಂತಿಯಲ್ಲಿ ಇದ್ದದ್ದು ಇಷ್ಟೇ: ಅಪ್ಪ ತೀರಿದ, ಕರೆತರುತ್ತಿದ್ದೇನೆ. ಅಲ್ಲಿ ನಮ್ಮವರು ಎಂದು ನೀನೊಬ್ಬನೇ ಇದ್ದೆ. ಅಪ್ಪನ ಕೊನೆಯ ದಿನಗಳ ವಿಷಯ ನಮಗೆ ಗೊತ್ತಿರುವುದೆಲ್ಲ ನೀನು ಹೇಳಿದ್ದು ಮಾತ್ರ.

ಮುಂಬಯಿಯಲ್ಲಿ ಗಾಡಿ ಓಡಿಸುವ ನಮ್ಮೂರ ಇಮಾಮುದ್ದೀನನ ವ್ಯಾನು ಬಾಗಿಲಲ್ಲಿ ನಿಂತಾಗ ಮೊದಲು ಇಳಿದವನು ನೀನು. ಅವ್ವನ ಕಡೆ ನೋಡುವುದಕ್ಕಿಂತ ಮೊದಲು ನೀನು ಮುದಕಪ್ಪ ಕಾಕಾನ ತೋಳು ಹಿಡಿದು ಬಾಜೂಕ್ಕೆ ಕರೆದೊಯ್ದೆ. ನಾನು ಬಾಗಿಲ ಹಿಂದೆ ಇದ್ದೆ, ಮಾತು ಕೇಳಿಸಿತು. “ಕಾಕಾ, ಮಲಗಿಸೇ ಒಯ್ಯೂಣು. ಐಸಿನ್ಯಾಗ ಮೈ ಸೆಟದೈತಿ, ಕೂಡ್ಸೂದು ಬ್ಯಾಡ.” ಕಾಕಾ ತನ್ನ ಕಿವಿಯನ್ನೇ ನಂಬದವನಂತೆ ನಿನ್ನನ್ನು ಮೇಲಿಂದ ಕೆಳಗೆ ನೋಡಿದ. “ಸೆಟದಿದ್ರ ಬಿಸಿನೀರು ಅದಾವು. ನಮ್ಮ ಮನ್ಯಾಗ ಈ ತನಕಾ ಯಾರರ ಮಲಕೊಂಡು ಹೋಗ್ಯಾರೇನಲೇ? ಡಾಕ್ಟರ್ ಆದಿ ಅಂತ ನಿಮ್ಮಪ್ಪನ್ನ ಚಾಪಿಯಂಗ ಹಾಸಾಂವೇನು?” ಆಗ ನನಗೆ ನೀನು ದುಃಖದಲ್ಲಿ ಏನೋ ಅಂದೆ ಎನಿಸಿತು. ಆಮೇಲೆ ನೆನೆಸಿಕೊಂಡಾಗ ಬೇರೆ ಅನಿಸಿತು.

ಸ್ನಾನಕ್ಕೆ ಅವ್ವ ಎಲ್ಲರನ್ನೂ ಹೊರಗೆ ಕಳಿಸಿದಳು. ಒಳಗೆ ಇದ್ದವರು ಅವಳು, ಕಾಕಾ, ನೀನು. ನಾನು ಬಚ್ಚಲಿನ ಬಾಗಿಲತನಕ ಬಿಸಿನೀರಿನ ಕೊಡಗಳನ್ನು ತಂದು ಇಡುತ್ತಿದ್ದೆ. ಕಾಕಾನ ಕಣ್ಣು ನಿನಗೆ ಗೊತ್ತು, ಎದುರಿಗೆ ಎಮ್ಮೆ ನಿಂತರೂ ಮುಟ್ಟಿ ನೋಡಬೇಕು. ಅವನು ಕಾಲುಗಳಿಗೆ ನೀರು ಹಾಕಿ ಕೀಲು ಸಡಿಲಿಸುತ್ತಿದ್ದ. ನೀನು ಬಲಗಡೆ ನಿಂತು ಬಟ್ಟೆ ಹಿಡಿದಿದ್ದೆ, ಆ ಕಡೆಗೆ ಯಾರನ್ನೂ ಬರಗೊಡಲಿಲ್ಲ. ಅವ್ವ ವಿಭೂತಿಯ ತಾಟು ತುಂಬಿ ತರಲು ಹೇಳಿದಳು, ಕೊಟ್ಟೆ. ಅವಳು ಹೊರಗೆ ಬಂದಾಗ ತಾಟು ಬರಿದಾಗಿತ್ತು. ಹಣೆಗೆ, ತೋಳಿಗೆ, ಎದೆಗೆ ಅಷ್ಟು ವಿಭೂತಿ ಬೇಕಾಗುವುದಿಲ್ಲ.

ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸುವಾಗ ಎಡಗೈಯಲ್ಲಿ ಲಿಂಗ ಇಟ್ಟು ಬೆರಳು ಮಡಿಸುವ ಕೆಲಸ ನನ್ನದಾಗಿತ್ತು. ಕಾಕಾ ಕಾಲು ಮಡಿಸಿ, ಹಿಂದಿನಿಂದ ಬೆನ್ನನ್ನು ಮುಂದಕ್ಕೆ ಒತ್ತಿದ. ಆಗ ಅಪ್ಪನ ಧೋತರದ ಅಂಚು ಒದ್ದೆಯಾಯಿತು, ನೀರು ನನ್ನ ಮಣಿಕಟ್ಟಿನ ಮೇಲೆ ಇಳಿಯಿತು. ರಕ್ತವಲ್ಲ. ಒಂದಿಷ್ಟು ಕೆಂಪು ಛಾಯೆ ಇದ್ದ, ಬಹುತೇಕ ತಿಳಿಯಾದ ನೀರು. ಆಗತಾನೇ ಕೊಡಗಟ್ಟಲೆ ಬಿಸಿನೀರು ಹೊಯ್ಯಿಸಿಕೊಂಡ ಮೈಯಿಂದ ಬಂದ ಆ ನೀರು ಕೊರೆಯುವಷ್ಟು ತಣ್ಣಗಿತ್ತು. ಬಟ್ಟೆ ಸರಿದು ಒಂದು ಗಳಿಗೆ ಹೊಲಿಗೆ ಕಾಣಿಸಿತು. ಎದೆಗೂಡಿನ ಕೆಳಗಿನಿಂದ ಬಲಪಕ್ಕೆಯವರೆಗೆ, ಕಾಳಿನ ಚೀಲದ ಬಾಯಿ ಹೊಲಿದಂತೆ ಕರಿ ದಾರದ ದೊಡ್ಡ ದೊಡ್ಡ ಹೊಲಿಗೆ, ಅದರ ಮೇಲೆ ಕೆಸರಾಗಿ ಕೂತ ವಿಭೂತಿ. ಆ ಪಕ್ಕೆಯ ಕೆಳಗೆ ಹೊಟ್ಟೆ ಒಳಕ್ಕೆ ಕುಸಿದಿತ್ತು. ನೀನು ತಟ್ಟನೆ ನಿನ್ನ ಹೆಗಲ ಮೇಲಿನ ಟವೆಲು ತೆಗೆದು ಅಲ್ಲಿ ಸುತ್ತಿದೆ. ನಮ್ಮಿಬ್ಬರ ಕಣ್ಣು ಕೂಡಿದವು. “ಹೊಟ್ಟ್ಯಾಗ ನೀರು ತುಂಬಿತ್ತಕ್ಕಾ, ತಗದೀವಿ” ಎಂದೆ ನೀನು. ನಾನು ಏನೂ ಕೇಳಿರಲಿಲ್ಲ.

ಆ ಉತ್ತರವನ್ನು ನಂಬಿ ಒಂದಷ್ಟು ದಿನ ಸುಮ್ಮನಿದ್ದೆ. ಆದರೆ ತಲೆಯ ರಕ್ತನಾಳ ಒಡೆದವನ ಹೊಟ್ಟೆಯಲ್ಲಿ ನೀರೇಕೆ ತುಂಬಬೇಕು? ಬಸ್ಸು ಹತ್ತುವಾಗ ಅಪ್ಪನ ಹೊಟ್ಟೆ ಬೆನ್ನಿಗೆ ಹತ್ತಿದ ಹಾಗಿತ್ತು. ಹೋದ ವರ್ಷ ನಮ್ಮ ಬಾಜೂಮನೆ ಹನಮವ್ವನ ಹೊಟ್ಟೆಯಿಂದ ನೀರು ತೆಗೆದದ್ದು ನಿನಗೆ ನೆನಪಿರಬಹುದು. ಒಂದು ಮಧ್ಯಾಹ್ನ ಅವಳ ಮನೆಗೆ ಹೋಗಿ, ಎಲ್ಲಿ ಕೊಯ್ದಿದ್ದರು ತೋರಿಸು ಎಂದೆ. “ಕೊಯ್ಯೂದೆಲ್ಲಿ ಬಂತ್ರೀ ಬಾಯಾರ? ದಬ್ಬಣದಂಥಾ ಸೂಜಿ ಚುಚ್ಚಿದ್ರು, ಬಕೀಟು ತುಂಬಿತು. ನೋಡ್ರಿ, ನೋಡ್ರಿ” ಎಂದು ಸೆರಗು ಸರಿಸಿ ಹುಡುಕಿದಳು. ಹುಡುಕಿ ತೋರಿಸಬೇಕಾದ ಕಲೆ ಅದು, ಸಾಸಿವೆ ಕಾಳಿನಷ್ಟು. “ಯಾಕ್ರಿ, ಅಮ್ಮಾರಿಗೂ ನೀರು ತುಂಬೇತೇನು?” ಎಂದು ಅವಳೇ ಗಾಬರಿಯಾದಳು. ಇಲ್ಲ ಎಂದು ಹೇಳಿ ಬಂದೆ.

ಸಂಕ್ರಾಂತಿಯ ಸುಮಾರಿಗೆ ಇಮಾಮುದ್ದೀನ ತಂಗಿಯ ಮದುವೆಗೆಂದು ಊರಿಗೆ ಬಂದಿದ್ದ. ಶಾಲೆಯ ಹತ್ತಿರ ಸಿಕ್ಕವನು ಅಪ್ಪನನ್ನು ನೆನೆಸಿ ಕಣ್ಣು ಒರೆಸಿಕೊಂಡ. ಅವನ ಮೇಲೆ ಸಿಟ್ಟಾಗಬೇಡ. ಅವನು ಚಾಡಿ ಹೇಳಲಿಲ್ಲ, ನಿನ್ನನ್ನು ಹೊಗಳಲು ಹೋಗಿ ಹೇಳಿದ. “ಡಾಕ್ಟರ್ ಸಾಹೇಬ್ರು ಭಾಳ ಮರ್ಯಾದಿಲೇ ಕಳಿಸಿದ್ರಿ ಅಕ್ಕಾರ. ಎಲ್ಲಾರಂಗ ಹೆಣದ ಕ್ವಾಣಿಯಿಂದ ಅಲ್ರಿ. ತಮ್ಮ ಲ್ಯಾಬಿನ ಹಿಂದಿನ ಬಾಗಲಕ್ಕs ಗಾಡಿ ಹಚ್ಚಿಸಿದ್ರು, ದಿನಾ ಐಸಿನ ಲಾರಿ ಬರ್ತದಲ್ರಿ, ಆ ಬಾಗಲಕ್ಕ. ಸ್ವತಃ ತಾವs ಹೊತ್ತು ತಂದ್ರು” ಎಂದ. ಹೌದಪ್ಪಾ ಎಂದೆ. ಮದುವೆಗೆ ಬರ್ರಿ ಎಂದ. ಬರುತ್ತೇನೆ ಎಂದೆ, ಹೋಗಲಾಗಲಿಲ್ಲ.

ಅಪ್ಪ ಸತ್ತದ್ದು ವಾರ್ಡಿನಲ್ಲಿ ಎಂದು ನೀನು ಹೇಳಿದ್ದೆ. ವಾರ್ಡಿನಲ್ಲಿ ಸತ್ತವನು ಲ್ಯಾಬಿನ ಬಾಗಿಲಿನಿಂದ ಹೊರಗೆ ಬರಬೇಕಾದರೆ ನಡುವೆ ಏನು ನಡೆಯಿತು? ನಾನು ಊಹಿಸಿದ್ದನ್ನು ಬರೆದುಬಿಡುತ್ತೇನೆ. ನೀನು ಅಪ್ಪನ ಯಕೃತ್ತನ್ನು ತೆಗೆದಿದ್ದೀ. ಕುರಿಯದನ್ನು ತೊಳೆದಂತೆ ತಣ್ಣೀರು ಹರಿಸಿ ತೊಳೆದಿದ್ದೀ. ಆ ನೀರಿನಲ್ಲಿ ಒಂದಿಷ್ಟು ಒಳಗೇ ಉಳಿಯಿತು. ಹೊಲಿದು, ಐಸಿನಲ್ಲಿ ಇಟ್ಟು ತಂದೆ. ಮಲಗಿಸಿ ಸುಡುವವರ ಮನೆಯಾಗಿದ್ದರೆ ಬಟ್ಟೆಯ ಕೆಳಗಿನ ಹೊಲಿಗೆ ಯಾರಿಗೂ ಕಾಣುತ್ತಿರಲಿಲ್ಲ, ಆ ನೀರು ಹೊರಗೆ ಬರುತ್ತಿರಲಿಲ್ಲ. ನಿಮ್ಮಲ್ಲಿ ಬರುವ ಹೆಣಗಳೆಲ್ಲ ಮಲಗಿಯೇ ಹೋಗುತ್ತವೆ, ಅದೇ ನಿನಗೆ ರೂಢಿಯಾಗಿತ್ತು. ನಮ್ಮವರು ಕೂತು ಹೋಗುತ್ತಾರೆ ಎನ್ನುವುದು ಹೊಲಿಗೆ ಹಾಕುವಾಗ ನಿನಗೆ ನೆನಪಾಗಲಿಲ್ಲ. ನೆನಪಾದದ್ದು ವ್ಯಾನಿನಲ್ಲಿ, ಬಹುಶಃ ಊರು ಹತ್ತಿರ ಬಂದ ಮೇಲೆ. ಅದಕ್ಕೇ ಇಳಿದವನೇ ಕಾಕಾನ ತೋಳು ಹಿಡಿದೆ.

ಅಪ್ಪನೇ ಹೇಳಿದ್ದನಲ್ಲ, ನಂದು ನೋಡು ಎಂದು, ಅಂತ ನೀನು ಬರೆಯಬಹುದು. ಹೇಳಿದ್ದ, ನಾನೂ ಕೇಳಿದ್ದೇನೆ. ಶೇಂಗಾ ತಿನ್ನುತ್ತ ಆಡಿದ ಮಾತು ಒಪ್ಪಿಗೆಯಾಗುತ್ತದೆಯೇ ಎಂದು ಬಹಳ ಯೋಚಿಸಿದೆ. ಒಮ್ಮೊಮ್ಮೆ, ನೀನು ನಿಜವಾಗಿ ಕೇಳಿದ್ದರೆ ಅಪ್ಪ ಹೂಂ ಎನ್ನುತ್ತಿದ್ದ ಎಂದೂ ಅನಿಸುತ್ತದೆ. ಮುಂಬಯಿಯಲ್ಲಿ ಕೇಳಿಯೂ ಇರಬಹುದು, ಅವನು ಒಪ್ಪಿಯೂ ಇರಬಹುದು. ಹಾಗಿದ್ದರೆ ನಮಗೆ ಹೇಳದೆ ಟವೆಲು ಸುತ್ತಿದ್ದೇಕೆ? ನಿನ್ನ ಕೆಲಸ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎಲ್ಲೋ ಯಾರದೋ ಮನೆಯಲ್ಲಿ ಕಾಮಾಲೆಯಿಂದ ಹಳದಿಯಾಗಿ ಮಲಗಿದ ತಾಯಿಯೊಬ್ಬಳು ಮುಂದೊಂದು ದಿನ ಇದರಿಂದ ಎದ್ದು ಕೂಡಬಹುದು. ಅದು ತಿಳಿಯದಷ್ಟು ದಡ್ಡಿ ನಾನಲ್ಲ. ನನ್ನನ್ನು ಒಳಗಿನಿಂದ ತಿನ್ನುತ್ತಿರುವುದು ಬೇರೆ. ಉಸಿರು ನಿಂತ ಅರ್ಧ ತಾಸಿನೊಳಗೆ ಎಂದು ನೀನೇ ಹೇಳಿದ್ದೆ. ಅಂದ ಮೇಲೆ ಉಸಿರು ನಿಲ್ಲುವುದಕ್ಕೆ ಮೊದಲೇ ಎಲ್ಲ ಸಿದ್ಧವಾಗಿರಬೇಕು. ಅಪ್ಪನ ಹಾಸಿಗೆಯ ಪಕ್ಕದಲ್ಲಿ ನೀನು ಮಗನಾಗಿ ಅವನ ಕೈ ಹಿಡಿದು ನಿಂತಿದ್ದೆಯೋ, ಐಸು ತರಿಸಿಟ್ಟು ಕಾಯುತ್ತ ನಿಂತಿದ್ದೆಯೋ? ಅವನ ಬಾಯಿಗೆ ಕೊನೆಯ ನೀರು ಬಿಟ್ಟೆಯಾ? ಇದಕ್ಕೆ ಉತ್ತರ ನಿನ್ನೊಬ್ಬನಲ್ಲೇ ಇದೆ.

ಈಗ ನೀನು ಅವ್ವನನ್ನು ಕಳಿಸು ಎನ್ನುತ್ತೀ. ಕೊಯ್ಯಬೇಕಾದದ್ದು ಅದೇ ಬಲಪಕ್ಕೆ, ಅದೇ ಪಕ್ಕೆಲುಬಿನ ಕೆಳಗೆ. ನೀನು ಅವಳಿಗೆ ಕೇಡು ಬಗೆಯುತ್ತೀ ಎಂದು ನಾನು ನಂಬುವುದಿಲ್ಲ. ಆದರೆ ಅಪ್ಪನಿಗೆ ಹೀಗೆ ಮಾಡುತ್ತೀ ಎಂದೂ ನಾನು ನಂಬುತ್ತಿರಲಿಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ನಿನ್ನ ಮೇಲೆ ಇಂಥ ಮಾತು ಬರೆಯಬೇಕಾಗಿ ಬಂತು. ಅವ್ವನಿಗೆ ನಾನು ಏನೂ ಹೇಳಿಲ್ಲ. ನೋವಿನ ಮೇಲೆ ಇದೊಂದು ನೋವು ಅವಳಿಗೆ ಬೇಡ. ನಿನ್ನ ಉತ್ತರ ಬರುವವರೆಗೆ ಅವಳನ್ನು ಕಳಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅಷ್ಟರಲ್ಲಿ ಕಾಮಾಲೆಗೆ ತಿರುಗಿದರೆ ಅದರ ಹೊಣೆ ನನ್ನದು ಎನ್ನುವುದೂ ಗೊತ್ತಿದೆ. ಆದ್ದರಿಂದ ಬೇಗ ಬರೆ, ಮತ್ತು ನಿಜ ಬರೆ.

ಊಟ ಬಿಡಬೇಡ, ಬೆರಳಿಗೆ ಎಣ್ಣೆ ಮರೆಯಬೇಡ. ಇಷ್ಟೆಲ್ಲ ಬರೆದ ಮೇಲೂ ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಕೈಗೆ ಕೀರ್ತಿ ಬರಲಿ ಎಂದೇ ಹರಸುತ್ತೇನೆ. ಬೇರೆ ರೀತಿ ಹರಸುವುದು ನನಗೆ ಬರುವುದಿಲ್ಲ. ಮುದಕಪ್ಪ ಕಾಕಾ ನಿನ್ನ ಕ್ಷೇಮ ಕೇಳಿದ್ದಾನೆ.

ನಿನ್ನ ಅಕ್ಕ,
ಶಾರದಾ

ತಾ.ಕ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅವ್ವ ಮೊರ ಹಿಡಿದು ಒಳಗೆ ಬಂದಳು. “ಯಾರಿಗೆಬೇ ಇಷ್ಟುದ್ದ?” ಎಂದಳು. ನಿನಗೆ ಎಂದೆ. ಕಳಿಸುವುದು ಸ್ವಲ್ಪ ತಡ ಮಾಡೋಣ ಎಂದು ಬರೆದೆ ಎಂದೆ. ಮೊರ ಕೆಳಗಿಟ್ಟು ನನ್ನೆದುರಿಗೆ ಕುಳಿತಳು. “ನೀರು ನೀ ಆಮ್ಯಾಲೆ ನೋಡೀದಿ ಶಾರದಾ, ಹೊಲಿಗಿ ನಾ ಮೊದಲs ನೋಡೀನಿ” ಎಂದಳು. “ವಿಭೂತಿ ತುಂಬಿ ಮುಚ್ಚೀನಿ. ನಾಕು ಮಂದ್ಯಾಗ ನನ್ನ ಮಗನ ಮಾರಿಗೆ ಯಾರೂ ಉಗುಳಬಾರದು ಅಂತ. ದೀಪಾವಳಿಗೆ ಅಂವ ಹೇಳಿದ್ದು ನಾನೂ ಕೇಳೀನಲ್ಲ, ಬಾಟ್ಲ್ಯಾಗ ಇಡ್ತೀವಿ, ಚೆಲ್ಲೂದಿಲ್ಲಂತ.” ಅಪ್ಪನೇ ಕೊಟ್ಟಿರಬಹುದಲ್ಲವೇ ಅವ್ವಾ ಎಂದೆ. “ಕೊಟ್ಟಿದ್ರ ಕೊಟ್ಟಾರು, ಅವರ ಕೈ ದೊಡ್ಡದು. ಬೋಗಾಣಿ ಕೇಳಿ ಒಯ್ದವರೂ ಕೆಲಸ ಮುಗದ ಮ್ಯಾಲೆ ತಿರುಗಿ ತಂದು ಕೊಡ್ತಾರೋ ಇಲ್ಲೋ?” ಎಂದಳು. ಗೌಂಡಿಯನ್ನು ತಿರುಗಿ ತಿರುಗಿ ಕಳಿಸಿದ್ದು ಅದಕ್ಕೆ. ಒಮ್ಮೆ ಕಲ್ಲು ಕೂಡಿಸಿದರೆ ಮತ್ತೆ ಮಣ್ಣು ತೆಗೆಯಲು ಬರುವುದಿಲ್ಲ. ಅಪ್ಪ ಪೂರ್ತಿ ಬಂದಿಲ್ಲ ಎಂದು ಅವಳು ಅಂದಿನಿಂದ ಕಾಯುತ್ತಿದ್ದಾಳೆ.

ಹಾಗಾಗಿ ಮೇಲೆ ನಾನು ಬರೆದ ತೀರ್ಮಾನ ಬಿಡು, ಅವಳದೇ ತೀರ್ಮಾನ. ನಾವಿಬ್ಬರೂ ಬರುತ್ತೇವೆ. ನಾಳೆ ಶಾಲೆ ಬಿಟ್ಟ ಮೇಲೆ ಹುಬ್ಬಳ್ಳಿಗೆ ಹೋಗಿ ರೈಲಿನ ಟಿಕೀಟು ತೆಗೆಸುತ್ತೇನೆ. ಆಪರೇಶನ್ನಿಗೆ ದಿನ ಗೊತ್ತು ಮಾಡಬೇಡ. ಆ ಬಾಟಲಿ ತನ್ನ ಉಡಿಯೊಳಗೆ ಬಂದು, ಅದನ್ನು ತಂದು ಅಪ್ಪನ ಪಕ್ಕದಲ್ಲಿ ಇಟ್ಟು, ಕಲ್ಲು ಕೂಡಿಸುವತನಕ ಅವಳು ಯಾವ ಊರಿನ ಯಾವ ಡಾಕ್ಟರ ಮೇಜಿನ ಮೇಲೂ ಮಲಗುವುದಿಲ್ಲವಂತೆ. ನೋವು ಎಷ್ಟಾದರೂ ಸರಿಯಂತೆ. ಹೇಳಿ ನೋಡಿದೆ, ಕೇಳುವುದಿಲ್ಲ. ಅಂಥದ್ದೇನೂ ಇಲ್ಲವೇ ಇಲ್ಲ ಎನ್ನುವುದಾದರೆ ಅದನ್ನೂ ಅವಳ ಎದುರಿಗೆ ನಿಂತು ಹೇಳು, ನನಗೆ ಬರೆಯಬೇಡ. ಟ್ರಂಕಿನಲ್ಲಿದ್ದ ಹೊಸ ಬಿಳಿ ವಸ್ತ್ರ ತೆಗೆದು ಮಡಿಸಿ ಇಟ್ಟಿದ್ದಾಳೆ. ಅವಳು ಬರುತ್ತಿರುವುದು ಅಪ್ಪನನ್ನು ಮನೆಗೆ ಕರೆತರಲು, ತಮ್ಮಾ. ನೀನೇ ತಂದು ಕೊಡು, ಬೇರೆ ಯಾರ ಕೈಯಿಂದಲೂ ಅವಳು ತೆಗೆದುಕೊಳ್ಳುವುದಿಲ್ಲ.